303 ಯಾಕೆ 315 ಆಯ್ತು? ಒಂದು ಕೋವಿ, ಒಂದು ಕಾನೂನು, 0.3 ಮಿಲಿಮೀಟರ್

ಇವತ್ತಿನ ಕಥೆ ಶುರುವಾಗೋದು ಸಕಲೇಶಪುರ ಕಡೆಯ ಒಂದು ಪೊಲೀಸ್ ಸ್ಟೇಷನ್ನಲ್ಲಿ.

ಎಲೆಕ್ಷನ್ ಅನೌನ್ಸ್ ಆದ ತಕ್ಷಣ ಲೈಸೆನ್ಸ್ ಇರೋರು ಕೋವಿ ತಂದು ಠೇವಣಿ ಇಡಬೇಕು ಅಂತ ಆರ್ಡರ್ ಬರುತ್ತೆ. ಮಲೆನಾಡಿನವರಿಗೆ ಇದು ಗೊತ್ತು. ಹೋದ ಸಲ ಚಿಕ್ಕಪ್ಪನ ಜೊತೆ ನಾನೂ ಹೋಗಿದ್ದೆ. ಬೆಂಚಿನ ಮೇಲೆ ಕಾಫಿ ತೋಟದವರು, ಗದ್ದೆಯವರು, ಎಲ್ಲರ ಕೈಯಲ್ಲೂ ಗೋಣಿಚೀಲದಲ್ಲಿ ಸುತ್ತಿದ ಕೋವಿ. ರೈಟರ್ ಬರೆದುಕೊಳ್ತಾ ಇದ್ರು: ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ, 12 ಬೋರ್, 12 ಬೋರ್. ನಮ್ಮ ಸರದಿ ಬಂತು.

"ಬೋರ್ ಎಷ್ಟು ಗೌಡ್ರೇ?"

"ಪಾಯಿಂಟ್ ಮುನ್ನೂರ ಹದಿನೈದು ಅಂತ ಬರ್ಕೊಳಿ. ಅಪ್ಪನ ಕಾಲದ್ದು, ಬಿಎಸ್‌ಎ."

ಬಿಎಸ್‌ಎ ಅಂದ್ರೆ ನನಗೆ ನೆನಪಾಗಿದ್ದು ಅಕ್ಕನ ಲೇಡಿಬರ್ಡ್ ಸೈಕಲ್! ಮನೆಗೆ ಬಂದು ಹುಡುಕಿದ್ರೆ, ಅದೇ ಹೆಸರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಇಂಗ್ಲೆಂಡಿನಲ್ಲಿ ಮೊದಲು ಕೋವಿ ಮಾಡಿ, ಆಮೇಲೆ ಸೈಕಲ್, ಬೈಕಿಗೆ ಬಂದ ಕಂಪನಿ. ಅವರ ಹಳೇ ಲೋಗೋದಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಕೋವಿಗಳಿವೆ. ಅದು ಸರಿ, ಆದ್ರೆ 315 ಯಾಕೆ? ನಾವು ಸಿನಿಮಾದಲ್ಲಿ, ಪೊಲೀಸರ ಹೆಗಲಲ್ಲಿ ನೋಡಿರೋದೆಲ್ಲಾ ತ್ರೀ ನಾಟ್ ತ್ರೀ ಅಲ್ವಾ? ಚಿಕ್ಕಪ್ಪನ ಕೋವಿ ನೋಡೋಕೂ ಥೇಟ್ ಅದೇ ಥರ ಇದೆ. ಬಾಗಿಲ ಚಿಲಕದ ಹಾಗೆ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳೋ ಬೋಲ್ಟ್. ಅದೇ ಲೀ-ಎನ್‌ಫೀಲ್ಡ್ ಮನೆತನ.

ಮೊದಲು ಲೆಕ್ಕ ನೋಡಿ. .303 ಅಂದ್ರೆ ನಳಿಗೆಯ ತೂತು ಒಂದು ಇಂಚಿನ ಸಾವಿರ ಭಾಗದಲ್ಲಿ 303 ಭಾಗ, ಸುಮಾರು 7.7 ಮಿಲಿಮೀಟರ್. .315 ಅಂದ್ರೆ 8 ಮಿಲಿಮೀಟರ್. ವ್ಯತ್ಯಾಸ 0.3. ಮೂರು ಎ4 ಹಾಳೆ ಒಟ್ಟಿಗೆ ಹಿಡಿದ್ರೆ ಅಷ್ಟು ದಪ್ಪ. ಇಷ್ಟಕ್ಕೋಸ್ಕರ ಒಂದು ಕಂಪನಿ ಚೆನ್ನಾಗಿ ನಡೀತಿದ್ದ ಕೋವಿಯ ನಳಿಗೆ ಬದಲಾಯಿಸಿ, ತೋಟಾ ಬದಲಾಯಿಸಿ ಮಾರಾಟ ಮಾಡಿದ್ದು ಯಾಕೆ? ಹುಲಿ ಹೊಡೆಯೋಕೆ 303 ಸಾಲಲ್ಲ ಅಂತಲಾ? ಮೂರು ಹಾಳೆ ದಪ್ಪದಲ್ಲಿ ಹುಲಿಗೇನು ಫರಕ್ ಬೀಳುತ್ತೆ!

ಕಾರಣ ಕಾಡಲ್ಲಿಲ್ಲ, ಕಾನೂನಲ್ಲಿದೆ. 1878ರಲ್ಲಿ ಬ್ರಿಟಿಷರು ಇಂಡಿಯನ್ ಆರ್ಮ್ಸ್ ಆಕ್ಟ್ ತಂದ್ರು. ಭಾರತೀಯರು ಆಯುಧ ಇಟ್ಕೋಬೇಕಂದ್ರೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯ್ತಿ. ಅದರ ಮೇಲೆ ಇನ್ನೊಂದು ಬೇಲಿ ಹಾಕಿದ್ರು: ಸೈನ್ಯ ಬಳಸೋ ತೋಟಾ ಹಾರಿಸಬಲ್ಲ ರೈಫಲ್ ಜನರ ಕೈಗೆ ಸಿಗಬಾರದು. ಲಾಜಿಕ್ ಸಿಂಪಲ್. ಕೋವಿ ಯಾರ ಹತ್ರ ಬೇಕಾದ್ರೂ ಇರಲಿ, ತೋಟಾ ಮುಗಿದ ಮೇಲೆ ಅದು ದೊಣ್ಣೆ. ಆದ್ರೆ ನಿಮ್ಮ ಕೋವಿಗೂ ಸರ್ಕಾರದ ಕೋವಿಗೂ ಒಂದೇ ತೋಟಾ ಆದ್ರೆ, ಸೈನ್ಯದ ಉಗ್ರಾಣದಿಂದ ಕದ್ದ ಪ್ರತಿ ಪೆಟ್ಟಿಗೆಯೂ ನಿಮಗೆ ಉಪಯೋಗಕ್ಕೆ ಬರುತ್ತೆ. ಆ ದಾರಿ ಮುಚ್ಚಬೇಕಿತ್ತು.

ಈಗ ಬಿಎಸ್‌ಎ ಕಂಪನಿಯವರ ಜಾಗದಲ್ಲಿ ಕೂತು ನೋಡಿ. ಲೀ-ಎನ್‌ಫೀಲ್ಡ್ ಮಾಡೋ ಫ್ಯಾಕ್ಟರಿ ಇದೆ, ಕೆಲಸಗಾರರಿದ್ದಾರೆ. ಇಂಡಿಯಾದಲ್ಲಿ ಗಿರಾಕಿಗಳೂ ಇದ್ದಾರೆ: ಪ್ಲಾಂಟರ್‌ಗಳು, ಜಮೀನ್ದಾರರು, ಶಿಕಾರಿ ಹುಚ್ಚಿನವರು. ಅಡ್ಡ ಇರೋದು 303 ಅನ್ನೋ ಒಂದು ನಂಬರ್. ನಾನು ಬಿಕಾಂ ಓದಿದವನು, ನನಗೆ ಇದು ಕೇಳಿದ ತಕ್ಷಣ ಹೊಳೆದಿದ್ದು ಕಾರು. ನಾಲ್ಕು ಮೀಟರ್ ಒಳಗಿರೋ ಸಣ್ಣ ಕಾರಿಗೆ ತೆರಿಗೆ ಕಮ್ಮಿ ಅಂತ ಸರ್ಕಾರ ಅಂದಿದ್ದೇ ತಡ, ಕಂಪನಿಗಳು ಸೆಡಾನ್ ಕಾರಿನ ಡಿಕ್ಕಿ ಕತ್ತರಿಸಿ 3995 ಮಿಲಿಮೀಟರಿಗೆ ತಂದು ನಿಲ್ಲಿಸಿದ್ವು. ರೂಲ್ ಎಲ್ಲಿ ಗೆರೆ ಎಳೆಯುತ್ತೋ ಮಾಲು ಅದರ ಪಕ್ಕದಲ್ಲೇ ಹುಟ್ಟುತ್ತೆ.

ಬಿಎಸ್‌ಎಗೆ ಸಿಕ್ಕ ಪರಿಹಾರ ಬಂದಿದ್ದು ಆಸ್ಟ್ರಿಯಾ-ಹಂಗೆರಿಯಿಂದ. ಅಲ್ಲಿನ ಸೈನ್ಯ ಮ್ಯಾನ್ಲಿಕರ್ ಅನ್ನೋ ರೈಫಲ್‌ಗೆ 1890ರ ಹೊತ್ತಿಂದ 8 ಮಿಲಿಮೀಟರಿನ ಒಂದು ತೋಟಾ ಬಳಸ್ತಿತ್ತು. ಅದರ ಹಿತ್ತಾಳೆ ಕೊಳವೆ 50 ಮಿಲಿಮೀಟರ್ ಉದ್ದ, 303ರದ್ದು 56. ಗಿಡ್ಡ ಅಷ್ಟೇ. ಮುಖ್ಯ ವಿಷಯ ಏನಂದ್ರೆ, ಎರಡಕ್ಕೂ ಬುಡದಲ್ಲಿ ಒಂದು ಅಂಚು ಇದೆ, ಬೋಲ್ಟ್ ಹಿಡಿದು ಎಳೆಯೋದು ಅದನ್ನೇ. ಆ ಅಂಚಿನ ಅಳತೆ ಎರಡರದ್ದೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಕೋವಿಯ ಯಂತ್ರಭಾಗ ಪೂರ್ತಿ ಹೊಸದಾಗಿ ಯೋಚಿಸಬೇಕಾಗಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಂಡಿಯಾ ಮಾರ್ಕೆಟ್‌ಗೆ .315 ಸ್ಪೋರ್ಟಿಂಗ್ ರೈಫಲ್ ಬಂತು. ಅಜ್ಜನ ಕೋವಿ ಅದೇ ವಂಶದ್ದು.

ತಮಾಷೆ ನೋಡಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆಸ್ಟ್ರಿಯಾ-ಹಂಗೆರಿ ಬ್ರಿಟನ್ನಿನ ಶತ್ರು. ಅಂದ್ರೆ ಬ್ರಿಟಿಷ್ ಇಂಡಿಯಾದಲ್ಲಿ ಸ್ವಂತ ಸೈನ್ಯದ ತೋಟಾ ಜನರಿಗೆ ನಿಷಿದ್ಧ, ಶತ್ರು ಸೈನ್ಯದ್ದು ಪರವಾಗಿಲ್ಲ. ಯಾಕಂದ್ರೆ ಭಯ ಇದ್ದಿದ್ದು ವಿಯೆನ್ನಾ ಬಗ್ಗೆ ಅಲ್ಲ, ನಮ್ಮ ಬಗ್ಗೆ.

ದುಡ್ಡಿದ್ದವರ ಲೋಕದಲ್ಲೂ ಇದೇ ಆಟ ನಡೀತು. ಆನೆ, ಕಾಟಿ ಹೊಡೆಯೋಕೆ ಅಂತ ಲಂಡನ್ನಿನ ರಿಗ್ಬಿ ಕಂಪನಿ 1898ರಲ್ಲಿ .450 ಅನ್ನೋ ಭಾರಿ ತೋಟಾ ತಂದಿತ್ತು. 1907ರಲ್ಲಿ ಇಂಡಿಯಾಕ್ಕೆ ಆ ಬೋರಿನ ಕೋವಿ ತರೋದನ್ನೇ ನಿಷೇಧಿಸಿದ್ರು. ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ರೈಫಲ್ ಕೂಡ .450 ಬೋರಿನದ್ದೇ, ಅದಕ್ಕೆ ಗುಂಡು ಸಿಗಬಾರದು ಅಂತ. ಲಂಡನ್ ಅಂಗಡಿಗಳು ಸುಮ್ನೆ ಕೂತ್ವಾ? .465, .470, .475, .476 ಅಂತ ಸಾಲಾಗಿ ಹೊಸ ತೋಟಾ ಬಂದ್ವು. ರಿಗ್ಬಿಯವರು 1911ರಲ್ಲಿ ದೊಡ್ಡ ಮೌಸರ್ ಬೋಲ್ಟ್ ಕೋವಿಗೆ .416 ಮಾಡಿದ್ರು. ರಾಜ ಮಹಾರಾಜರ ಶಿಕಾರಿಗೆ ಏನೂ ತೊಂದರೆ ಆಗಲಿಲ್ಲ, ಬಿಡಿ.

ನನ್ನನ್ನ ಕಾಡಿದ ಕೋವಿ ಇದ್ಯಾವುದೂ ಅಲ್ಲ, ಇನ್ನೊಂದಿದೆ. .410 ಮಸ್ಕೆಟ್.

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಸ್ಕೂಲಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪಿದೆಯಾ? ಮುಧೋಳದ ಹತ್ತಿರದ ಹಳ್ಳಿ. 1857ರಲ್ಲಿ ಆಯುಧ ತಂದು ಒಪ್ಪಿಸಿ ಅಂತ ಹುಕುಂ ಬಂತು, ಬೇಡರು ಕೊಡಲ್ಲ ಅಂದ್ರು. ಬೇಟೆ ಅವರ ಬದುಕು, ಆಯುಧ ಅವರ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಹಲವರನ್ನ ಗಲ್ಲಿಗೇರಿಸಿದ್ರು. ಉತ್ತರದಲ್ಲಿ ಅದೇ ವರ್ಷ ಸಿಪಾಯಿಗಳ ದಂಗೆಗೆ ಕಿಡಿ ಹತ್ತಿಸಿದ್ದು ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆಮೇಲಿನ ಕಥೆ.

ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತೆ. ಗುಂಡು ಅದರಲ್ಲಿ ಹಾದು ಬರುವಾಗ ಬುಗುರಿ ಥರ ತಿರುಗುತ್ತೆ, ಅದಕ್ಕೇ ನೇರ ಹೋಗುತ್ತೆ. ದಂಗೆ ಅಡಗಿದ ಮೇಲೆ, 1858ರ ಮಾದರಿಯಲ್ಲಿ, ಭಾರತೀಯ ಸಿಪಾಯಿಗಳಿಗೆ ಕೊಡೋ ಎನ್‌ಫೀಲ್ಡ್‌ನ ನಳಿಗೆ ಕೊರೆದು ಆ ಗೀರುಗಳನ್ನೇ ಅಳಿಸಿಹಾಕಿದ್ರು. ತೂತು .577ರಿಂದ .65ರ ಆಸುಪಾಸಿಗೆ ಹಿಗ್ಗಿತು. ಹೊರಗಿಂದ ಅದೇ ಕೋವಿ, ಒಳಗೆ ನಯವಾದ ಕೊಳವೆ. ನೂರು ಗಜ ದಾಟಿದ್ರೆ ಗುರಿ ಲಾಟರಿ. ಗೋರಾ ಸೈನಿಕನ ಕೈಯಲ್ಲಿ ರೈಫಲ್, ಪಕ್ಕದ ಸಿಪಾಯಿ ಕೈಯಲ್ಲಿ ಬೇಕಂತಲೇ ಕೆಡಿಸಿದ ರೈಫಲ್.

ಲೀ-ಎನ್‌ಫೀಲ್ಡ್ ಕಾಲ ಬಂದ್ರೂ ಆ ಬುದ್ಧಿ ಹೋಗಲಿಲ್ಲ. ಪೊಲೀಸರಿಗೆ, ಜೈಲಿನ ಕಾವಲಿನವರಿಗೆ ಅಂತ 303 ಕೋವಿಗಳನ್ನ ತಗೊಂಡು ನಳಿಗೆ ಗೀರಿಲ್ಲದ .410 ಮಾಡಿದ್ರು, ಸುಮಾರು 10.4 ಮಿಲಿಮೀಟರ್. ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯ ಮುದ್ರೆ ಹೊತ್ತ ಇಂಥ ಕೋವಿಗಳು ಇವತ್ತಿಗೂ ಸಂಗ್ರಹಕಾರರ ಹತ್ರ ಇವೆ. ತೋಟಾ 303ರದ್ದೇ ಹಿತ್ತಾಳೆ ಕೊಳವೆ. ಮಾಮೂಲಿ 303 ಮೂತಿ ಹತ್ರ ಬಾಟಲಿ ಕತ್ತಿನ ಹಾಗೆ ಕಿರಿದಾಗುತ್ತಲ್ಲ, ಇದರಲ್ಲಿ ಆ ಕತ್ತು ಇಲ್ಲ, ನೆಟ್ಟಗೆ. ಇನ್ನು ಹತ್ತು ಗುಂಡು ತುಂಬೋ ಮ್ಯಾಗಜಿನ್ ಜಾಗಕ್ಕೆ ಮರದ ಬೆಣೆ ಬಡಿದ್ರು. ಒಂದು ಸಲಕ್ಕೆ ಒಂದೇ ಗುಂಡು. ನಮ್ಮವನ ಕೈಗೆ ಸರ್ಕಾರ ಕಾವಲು ಕೊಟ್ಟಿದೆ, ಆದ್ರೆ ಅವನು ನಾಳೆ ತಿರುಗಿಬಿದ್ರೆ ಅಂತ ಇವತ್ತೇ ಮರದ ಬೆಣೆ. ನಳಿಗೆ ದೊಡ್ಡದಾದಷ್ಟೂ ಕೋವಿ ದುರ್ಬಲ ಆಯ್ತು, ಅದೂ ಪ್ಲಾನ್ ಮಾಡಿಯೇ.

ಕೊಡಗಿನವರು ಇಷ್ಟೊತ್ತಿಗೆ ಕಾಮೆಂಟ್ ಟೈಪ್ ಮಾಡ್ತಿರ್ತೀರ, ಗೊತ್ತು. ಹೌದು, ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 1861ರಿಂದಲೇ ವಿನಾಯ್ತಿ. ಕೈಲ್‌ಪೋಳ್ದ್‌ನಲ್ಲಿ ತೋಕಿಗೆ ಹೂವಿಟ್ಟು ಪೂಜೆ ಮಾಡೋ ಜನರನ್ನ ಬ್ರಿಟಿಷರು ನಂಬಿದ್ರು. ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಹಲಗಲಿಗೆ ಬೆಂಕಿ ಹಚ್ಚಿದ ನಾಲ್ಕೇ ವರ್ಷಕ್ಕೆ ಕೊಡಗಿಗೆ ವಿನಾಯ್ತಿ ಕೊಟ್ಟಿದ್ದೂ ಅದೇ ಸರ್ಕಾರ.

ಸ್ವಾತಂತ್ರ್ಯ ಬಂತು. 1959ರಲ್ಲಿ ನಮ್ಮದೇ ಆರ್ಮ್ಸ್ ಆಕ್ಟ್ ಬಂತು. ಗೆರೆ ಮಾತ್ರ ಅಲ್ಲೇ ಉಳೀತು: 303 ಪ್ರೊಹಿಬಿಟೆಡ್ ಬೋರ್, 315 ನಾನ್-ಪ್ರೊಹಿಬಿಟೆಡ್. ಬಿಎಸ್‌ಎ ಬಿಟ್ಟ ಜಾಗಕ್ಕೆ ನಮ್ಮ ಆರ್ಡ್ನೆನ್ಸ್ ಫ್ಯಾಕ್ಟರಿಗಳೇ ಬಂದು .315 ರೈಫಲ್ಲೂ ತೋಟಾನೂ ಮಾಡಿದ್ವು. ಆಸ್ಟ್ರಿಯಾ ಸೈನ್ಯ ಯಾವತ್ತೋ ಮರೆತ ತೋಟಾ ಇಲ್ಲಿ ಕೌಂಟರಿನಲ್ಲಿ ಮಾರಾಟ ಆಗುತ್ತೆ, ಲೈಸೆನ್ಸ್ ತೋರಿಸಿದ್ರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಮುಗೀತು, ಶಿಕಾರಿ ಕೋವಿ ಮುಗೀಲಿಲ್ಲ.

ಎಲ್ಲಿಗೆ ಬಂದು ನಿಂತಿದೆ ಅಂದ್ರೆ, ಮಿರ್ಜಾಪುರ್ ನೋಡಿದವರಿಗೆ ಕಟ್ಟಾ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಯುಪಿ, ಬಿಹಾರದ ಕ್ರೈಮ್ ನ್ಯೂಸ್ ತೆಗೆದ್ರೆ ಕದ್ದುಮುಚ್ಚಿ ಮಾಡಿದ ನಾಡ ಪಿಸ್ತೂಲಿನ ಪಕ್ಕ ಪದೇ ಪದೇ ಬರೋ ನಂಬರ್ 315 ಬೋರ್. ಅಂಗಡಿಯಲ್ಲಿ ಸಿಗೋ ತೋಟಾ ಯಾವುದೋ, ಕಳ್ಳ ಕಮ್ಮಾರ ಅದಕ್ಕೇ ನಳಿಗೆ ಹೊಂದಿಸ್ತಾನೆ. ತಪ್ಪು ಕೈಗೆ ಗುಂಡು ಸಿಗಬಾರದು ಅಂತ ಹುಟ್ಟಿದ ನಂಬರ್ ಅದು.

ರಿಸಲ್ಟ್ ಬಂದ ಮೇಲೆ ಕೋವಿ ಬಿಡಿಸಿಕೊಳ್ಳೋಕೆ ಚಿಕ್ಕಪ್ಪನ ಜೊತೆ ಮತ್ತೆ ಹೋದೆ. ಇಷ್ಟೆಲ್ಲಾ ದಾರಿಯುದ್ದಕ್ಕೂ ಹೇಳಿದೆ. ಜೀಪ್ ಓಡಿಸ್ತಾ ಕೇಳಿಸಿಕೊಂಡ್ರು. "ಅಲ್ವೋ, ಹಂಗಾದ್ರೆ ನಮ್ಮಪ್ಪ ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದು ಅವರು ಹೆದರಿದ್ದಕ್ಕೆ ಬಿದ್ದ ಖರ್ಚಾ?" ಅಂದ್ರು. ಸ್ಟೇಷನ್ನಲ್ಲಿ ರಿಜಿಸ್ಟರ್‌ಗೆ ಸೈನ್ ಹಾಕಿದ್ರು. ರೈಟರ್ ಕೋವಿ ತಂದು ಮೇಜಿನ ಮೇಲಿಟ್ಟು, "ಪಾಯಿಂಟ್ 315, ಒಂದು" ಅಂತ ಓದಿ ಟಿಕ್ ಹಾಕಿದ್ರು.