ಕ್ರೋಶಾ ಹೆಣಿಗೆ ಮೊದಲ ಸಲ ಮಾರಾಟಕ್ಕೆ: ದರ ಹಾಕೋದು ಹೇಗೆ, ಅಂಗಡಿಗೆ ಕೊಡೋದು ಹೇಗೆ?

ಕ್ರೋಶಾ ಕಡ್ಡಿ ಹಿಡಿದು ಬಾಗಿಲ ತೋರಣ, ಮಗುವಿನ ಟೋಪಿ, ಮೊಬೈಲ್ ಪೌಚ್ ಹೆಣೆಯುವ ಮಹಿಳೆಯರು ಊರೂರಲ್ಲೂ ಇದ್ದಾರೆ. ನೋಡಿದವರು 'ಚೆನ್ನಾಗಿದೆ, ನಮಗೂ ಒಂದು ಮಾಡಿಕೊಡಿ' ಅಂತಾರೆ. 'ಎಷ್ಟು ಕೊಡಬೇಕು?' ಎಂದು ಕೇಳಿದಾಗ ಮಾತ್ರ ಬಾಯಿ ಬರೋದಿಲ್ಲ. 'ದಾರದ ದುಡ್ಡು ಕೊಡಿ ಸಾಕು' ಅಂದುಬಿಡುತ್ತಾರೆ. ಮಾರಾಟಕ್ಕೆ ಇಳಿಯುವವರು ಮೊದಲು ಬಿಡಬೇಕಾದ ಮಾತು ಇದೇ.

ಬಿಡುವಿನ ಕೆಲಸಕ್ಕೂ ಕೂಲಿ ಉಂಟು

ಸ್ವೆಟರ್ ಹೆಣಿಗೆಗೆ ಯಂತ್ರಗಳಿವೆ. ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಹಾಗಾಗಿ ಬೆಲೆಯಲ್ಲಿ ದೊಡ್ಡ ಪಾಲು ಸಮಯದ್ದು, ದಾರದ್ದಲ್ಲ.

ಆಂಧ್ರದ ನರಸಾಪುರದ ಕ್ರೋಶಾ ಲೇಸ್ ವಿದೇಶಕ್ಕೂ ಹೋಗುತ್ತದೆ, 2024ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ಆದರೆ ಅಲ್ಲಿನ ಲೇಸ್ ಕೆಲಸದ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಹೊರತಂದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತ್ತು. ಹೆಣೆಯುವವರನ್ನು 'ಮನೆಯಲ್ಲಿ ಬಿಡುವಿನಲ್ಲಿ ಕೂತು ಮಾಡುವ ಗೃಹಿಣಿಯರು' ಎಂದೇ ಎಣಿಸಿದ್ದರಿಂದ ಅವರ ಕೈಗೆ ಬರುತ್ತಿದ್ದುದು ತೀರಾ ಕಡಿಮೆ ಕೂಲಿ. ಲಾಭ ವ್ಯಾಪಾರಿಗಳ ಪಾಲಾಗುತ್ತಿತ್ತು.

ಲೆಕ್ಕ ಹೀಗೆ

ಉದಾಹರಣೆಗೆ ಮಗುವಿನ ಟೋಪಿ, ಕಾಲುಚೀಲದ ಒಂದು ಸೆಟ್ ಎಂದುಕೊಳ್ಳೋಣ.

- ದಾರ: 90 ರೂ.
- ರಿಬ್ಬನ್, ಕವರ್: 20 ರೂ.
- 4 ಗಂಟೆ ಕೆಲಸ, ಗಂಟೆಗೆ 50 ರೂ.: 200 ರೂ.
- ಓಡಾಟ, ಹಾಳಾದ ದಾರ: 20 ರೂ.

ಒಟ್ಟು 330 ರೂ. ಅಂಗಡಿಯವರಿಗೆ ಮಾರಾಟ ಬೆಲೆಯ ಶೇ 25 ಕೊಡುವುದಾದರೆ ದರ 440 ರೂ. ಇರಬೇಕು. ಅವರ ಪಾಲು 110 ರೂ. ಕಳೆದರೆ ಹೆಣೆದವರಿಗೆ 330 ರೂ. ಉಳಿಯುತ್ತದೆ. ಬಹಳ ಜನ ತಪ್ಪೋದು ಇಲ್ಲೇ. 330ಕ್ಕೆ ಶೇ 25 ಸೇರಿಸಿ 412 ರೂ. ಎಂದು ಬರೆದರೆ ಕೈಗೆ ಬರೋದು 309 ರೂ. ಮಾತ್ರ.

ಗಂಟೆ ಲೆಕ್ಕ ಅಂದಾಜಿನಲ್ಲಿ ಬೇಡ. ಒಂದೇ ವಸ್ತುವನ್ನು ಮೂರು ಸಲ ಹೆಣೆದು, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನಮ್ಮೂರಲ್ಲಿ ಅಷ್ಟು ದರಕ್ಕೆ ಹೋಗೋದಿಲ್ಲ ಅನ್ನಿಸಿದರೆ ಕೂಲಿ ಕಡಿಮೆ ಮಾಡುವ ಬದಲು ವಸ್ತು ಬದಲಿಸಿ. ಕೀ ಚೈನ್, ಹೇರ್ ಕ್ಲಿಪ್, ರಾಖಿ ಬೇಗ ಮುಗಿಯುತ್ತವೆ, ಕಡಿಮೆ ಬೆಲೆಗೂ ಗಿಟ್ಟುತ್ತವೆ.

ಅಂಗಡಿಯವರೊಂದಿಗೆ ಮಾತು

ಫ್ಯಾನ್ಸಿ ಸ್ಟೋರ್, ಬಟ್ಟೆ ಅಂಗಡಿಗಳಿಗೆ ಎರಡು ರೀತಿ ಕೊಡಬಹುದು. ಅಂಗಡಿಯವರೇ ಪೂರ್ತಿ ಹಣ ಕೊಟ್ಟು ಕೊಂಡುಕೊಳ್ಳುವುದು ಒಂದು. ಇಟ್ಟು, ಮಾರಿದ ಮೇಲೆ ದುಡ್ಡು ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಮಾಲು ಉಳಿದರೆ ನಷ್ಟ ಅಂಗಡಿಯವರದು, ಅದಕ್ಕೆ ಅವರು ಹೆಚ್ಚು ಪಾಲು ಕೇಳುವುದು ಸಹಜ. ಎರಡನೆಯದರಲ್ಲಿ ಎಷ್ಟು ಪೀಸ್ ಕೊಟ್ಟಿದ್ದು, ದರ ಎಷ್ಟು, ಯಾರ ಪಾಲು ಎಷ್ಟು, ಲೆಕ್ಕ ಯಾವ ತಾರೀಖಿಗೆ, ಮಾಸಿದರೆ ಅಥವಾ ಕಳೆದರೆ ಯಾರ ಹೊಣೆ ಎಂಬುದನ್ನು ಎರಡು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಪರಿಚಯದವರಾದರಂತೂ ಬರೆಯಲೇಬೇಕು, ಸಂಬಂಧ ಉಳಿಯುತ್ತದೆ.

ಅಂಗಡಿಯಲ್ಲಿ 440 ರೂ. ಇರುವುದನ್ನು ಮನೆಯಲ್ಲಿ ಅಥವಾ ಜಾತ್ರೆಯಲ್ಲಿ 330ಕ್ಕೆ ಕೊಡಬಾರದು. ಹಾಗೆ ಮಾಡಿದರೆ ಅಂಗಡಿಯವರು ಮುಂದೆ ಮಾಲು ಇಡೋದಿಲ್ಲ.

ಗಿರಾಕಿಗೆ ನಿಜ ಹೇಳಿ

ಪೇಟೆಯಲ್ಲಿ 'ಉಲ್ಲನ್' ಎಂದು ಸಿಗುವ ದಾರ ಹೆಚ್ಚಿನದು ಅಕ್ರಿಲಿಕ್. ಅದನ್ನು ಉಣ್ಣೆ ಎಂದು ಮಾರಬಾರದು. ಕೆಂಪು, ಗಾಢ ನೀಲಿ ದಾರವನ್ನು ಮೊದಲೇ ತೊಳೆದು ಬಣ್ಣ ಬಿಡುತ್ತದಾ ನೋಡಿ. ಪುಟ್ಟ ಮಕ್ಕಳ ವಸ್ತುಗಳಿಗೆ ಗುಂಡಿ, ಮಣಿ ಬೇಡ. ಕಿತ್ತು ಬಂದರೆ ನುಂಗುವ ಅಪಾಯವಿದೆ. ಆರ್ಡರ್ ಹಿಡಿದರೆ ಅರ್ಧ ಮುಂಗಡ ಪಡೆಯಿರಿ, ಉದ್ರಿ ಬೇಡ.

ನೋಂದಣಿ, ನೆರವು

ರಾಜ್ಯದೊಳಗೆ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಅಥವಾ ಆನ್‌ಲೈನ್ ಕಂಪನಿಗಳ ಮೂಲಕ ಮಾರುವುದಾದರೆ ನಿಯಮ ಬೇರೆ. ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಬೇಕು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಸರ್ಕಾರದ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ಸಾಲಕ್ಕೆ ಬ್ಯಾಂಕಿನಲ್ಲಿ ಅರ್ಜಿ ಹಾಕಬಹುದು. ಸ್ವಸಹಾಯ ಸಂಘದ ಸದಸ್ಯೆಯರು ಮೇಳಗಳಲ್ಲಿ ಮಳಿಗೆಗಾಗಿ ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಸಿಬ್ಬಂದಿಯನ್ನು ವಿಚಾರಿಸಬಹುದು.

ದೊಡ್ಡ ಆರ್ಡರ್ ಬಂದರೆ ಹುಷಾರ್

ಫೋನಿನಲ್ಲಿ 'ನೂರು ಪೀಸ್ ಬೇಕು, ಮುಂಗಡ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅಂದರೆ ನಂಬಬೇಡಿ. ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೊದಲ ತಿಂಗಳು ಮೂರು ಬಗೆಯ ವಸ್ತು, ಒಂದೊಂದರಲ್ಲಿ ಐದು ಪೀಸ್ ಸಾಕು. ಯಾವುದು ಹೋಯಿತು, ಗಂಟೆಗೆ ಎಷ್ಟು ಗಿಟ್ಟಿತು ಅಂತ ತಿಂಗಳ ಕೊನೆಗೆ ಪುಸ್ತಕ ನೋಡಿ, ಆಮೇಲೆ ಹೆಚ್ಚು ದಾರ ತನ್ನಿ.