ಗಡಿಭಾಗದ ಜೈನ ಸಮುದಾಯ: ಅಧ್ಯಯನದ ನೆಲೆಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ಪರಿಸರದ ಜೈನರು ಬಹುಮಟ್ಟಿಗೆ ಒಕ್ಕಲು ಮಕ್ಕಳು. ಜೈನರೆಂದರೆ ವಣಿಕರೆಂಬ ಸಾಮಾನ್ಯ ಗ್ರಹಿಕೆಗೆ ಈ ಪ್ರದೇಶವೇ ಒಂದು ತಿದ್ದುಪಡಿ. ಇಲ್ಲಿನ ಚತುರ್ಥ, ಪಂಚಮ ಪಂಗಡಗಳ ಧಾರ್ಮಿಕ ಸಂಬಂಧಗಳು ನಾಂದಣಿ, ಕೊಲ್ಹಾಪುರಗಳ ಭಟ್ಟಾರಕ ಪೀಠಗಳೊಡನೆ ಬೆಸೆದಿವೆ. 1956ರ ರಾಜ್ಯ ಪುನರ್ವಿಂಗಡಣೆಯ ಗಡಿರೇಖೆ ಈ ಸಂಬಂಧಗಳ ನಡುವೆಯೇ ಹಾದುಹೋಗಿದೆ.

ಈ ಸಮುದಾಯದ ವ್ಯವಸ್ಥಿತ ಅಧ್ಯಯನಕ್ಕೆ ನೆಲದ ಮಗನೇ ತಳಹದಿ ಹಾಕಿದ್ದು ಗಮನಾರ್ಹ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದರು. ಕುಂದಕುಂದರ 'ಪ್ರವಚನಸಾರ'ದ ಅವರ ಸಂಪಾದನೆ 1935ರಲ್ಲಿ ಪ್ರಕಟವಾಯಿತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ನೆಲೆ ಮುಖ್ಯವಾಗಿ ಗ್ರಂಥಸ್ಥ ಪರಂಪರೆಯದು. 1959ರಲ್ಲಿ ಪ್ರಕಟವಾದ ವಿಲಾಸ ಸಂಗವೆಯವರ ಸಾಮಾಜಿಕ ಸಮೀಕ್ಷೆಯು ಪಂಗಡ, ವಿವಾಹ, ಆಚರಣೆಗಳತ್ತ ಗಮನ ಹರಿಸಿ, ಸಮುದಾಯವನ್ನೇ ಅಧ್ಯಯನದ ವಸ್ತುವಾಗಿಸಿತು.

ಇವೆರಡರ ನಡುವೆ ಉಳಿದುಹೋಗಿರುವುದು ಮೌಖಿಕ ಪರಂಪರೆ. ನಿಪ್ಪಾಣಿ ಸಮೀಪದ ಸ್ತವನಿಧಿ ಇದಕ್ಕೆ ನಿದರ್ಶನ. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಗೊಂಡದ್ದು ಇಲ್ಲಿಯೇ. ಶಿಕ್ಷಣ, ಸುಧಾರಣೆಗಳ ಈ ಚರಿತ್ರೆಗೆ ಲಿಖಿತ ದಾಖಲೆಗಳಿವೆ. ಆದರೆ ಅದೇ ಕ್ಷೇತ್ರದ ಬ್ರಹ್ಮದೇವನಿಗೆ ಭಕ್ತರು ಸಲ್ಲಿಸುವ ಹರಕೆಗಳ ಹಿಂದಿನ ಕಥನಗಳು ಸಭೆಯ ನಡಾವಳಿಗಳಲ್ಲಿ ಸಿಗುವಂಥವಲ್ಲ. ಅವು ಹೇಳುವವರ ನಾಲಗೆಯ ಮೇಲಿವೆ.

ಇಪ್ಪತ್ತನೆಯ ಶತಮಾನದ ದಿಗಂಬರ ಮುನಿಪರಂಪರೆಯ ಪುನರುಜ್ಜೀವನಕ್ಕೂ ಈ ನೆಲವೇ ತವರು. ಆಚಾರ್ಯ ಶಾಂತಿಸಾಗರರು ಭೋಜದ ಕೃಷಿಕ ಮನೆತನದವರು. ದೇಶಭೂಷಣರು ಕೋಥಳಿಯವರು, ವಿದ್ಯಾನಂದರು ಶೇಡಬಾಳದವರು, 2024ರಲ್ಲಿ ಸಮಾಧಿಸ್ಥರಾದ ವಿದ್ಯಾಸಾಗರರು ಸದಲಗಾದವರು. ಇವರ ಚರಿತ್ರೆಗಳು ದೀಕ್ಷೆಯ ನಂತರದ ವಿಹಾರ, ಉಪದೇಶಗಳನ್ನು ವಿಸ್ತಾರವಾಗಿ ಹೇಳುತ್ತವೆ. ಅವರನ್ನು ರೂಪಿಸಿದ ಹೊಲಮನೆ, ವ್ರತನೇಮ, ತಾಯಂದಿರ ಹಾಡುಗಳ ಲೋಕವಾದರೋ ಹಿನ್ನೆಲೆಗೆ ಸರಿಯುತ್ತದೆ.

ಮನೆಮಾತು ಕನ್ನಡ, ಸಭೆಯ ಪತ್ರಿಕೆ ಮರಾಠಿ, ಆಗಮಗಳ ಭಾಷೆ ಪ್ರಾಕೃತ: ಈ ತ್ರಿಭಾಷಾ ಸ್ಥಿತಿಯಲ್ಲಿ ಬರಹಕ್ಕೆ ಬಾರದೆ ನಷ್ಟವಾಗುವುದು ಮನೆಮಾತಿನ ಸ್ಮೃತಿಯೇ. ಆದುದರಿಂದ ಮುಂದಿನ ಸಂಶೋಧನೆ ಹಸ್ತಪ್ರತಿ ಭಂಡಾರದಷ್ಟೇ ಶ್ರದ್ಧೆಯಿಂದ ಹಿರಿಯ ಹೆಣ್ಣುಮಕ್ಕಳ ಕಂಠವನ್ನೂ ಆಕರವೆಂದು ಪರಿಗಣಿಸಬೇಕು. ಓಲೆಗರಿಯನ್ನು ಮರುಪ್ರತಿ ಮಾಡಬಹುದು. ಕಂಠಕ್ಕೆ ಆ ಅವಕಾಶವಿಲ್ಲ.