ಗರುಡ, ವೈರಿ, ಹಂಸ: ನಮ್ಮ ನೆರೆಯ ವಿಮಾನನೆಲೆಗಳ ಪೂರ್ವವೃತ್ತಾಂತ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಾಸನಗಳತ್ತ, ಕೋಟೆಕೊತ್ತಲಗಳತ್ತ, ದೇವಾಲಯಗಳತ್ತ ಹರಿಯುವುದು ಸಹಜ. ಕೊಂಗುನಾಡಿನಲ್ಲಿ ತಲೆತಲಾಂತರದಿಂದ ನೆಲೆಸಿ, ಮಗ್ಗದ ಮುಂದೆಯೂ ಹೊಲದ ಬದುವಿನಲ್ಲಿಯೂ ಕನ್ನಡವನ್ನು ಉಳಿಸಿಕೊಂಡು ಬಂದಿರುವ ನಮಗೆ ಹೊಯ್ಸಳರ, ವಿಜಯನಗರದ ಅರಸರ, ೧೭೯೯ರವರೆಗೆ ಈ ಸೀಮೆಯ ಮೇಲೆ ಅಧಿಕಾರ ನಡೆಸಿದ ಮೈಸೂರಿನವರ ಕಥೆ ಪ್ರಿಯವಾದುದು. ಅದು ಹಾಗಿರತಕ್ಕದ್ದೇ. ಆದರೆ ಇತಿಹಾಸವು ೧೭೯೯ಕ್ಕೆ ಮುಗಿದುಹೋಗಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ, ನಮ್ಮ ಹೊಲಗಳ ನೆರೆಯಲ್ಲಿಯೇ, ಎರಡನೆಯ ಮಹಾಯುದ್ಧದ ಒಂದು ಸಣ್ಣ ಅಧ್ಯಾಯ ನಡೆದುಹೋಗಿದೆ. ಕರುಮತ್ತಂಪಟ್ಟಿಗೆ ದಕ್ಷಿಣದಲ್ಲಿ ಸುಮಾರು ಹತ್ತು ಕಿಲೋಮೀಟರು ದೂರವಿರುವ ಸೂಲೂರು, ಕೊಯಮತ್ತೂರಿನ ಹಾದಿಯಲ್ಲಿರುವ ಪೀಳಮೇಡು, ಇವೆರಡೂ ಆ ಅಧ್ಯಾಯದ ರಂಗಸ್ಥಳಗಳು. ತಲೆಯ ಮೇಲೆ ಹಾರುವ ವಿಮಾನದ ಸದ್ದನ್ನು ಕೇಳಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು? ಆ ವೃತ್ತಾಂತವನ್ನು ವಾಚಕರ ಮುಂದಿಡುವುದೂ, ಅಂಥ ಸಮರಕಾಲದ ಕಟ್ಟಡಗಳನ್ನು ಕಾಣುವ ಮತ್ತು ಕಾಪಾಡುವ ವಿಚಾರವಾಗಿ ನಾಲ್ಕು ಮಾತುಗಳನ್ನು ಆಡುವುದೂ ಈ ಲೇಖನದ ಉದ್ದೇಶ.

೧೯೪೨ನೆಯ ಇಸವಿಯ ಏಪ್ರಿಲ್ ತಿಂಗಳು ದಕ್ಷಿಣ ಭಾರತಕ್ಕೆ ಭೀತಿಯ ಕಾಲವಾಗಿತ್ತು. ಆ ತಿಂಗಳ ೫ರಂದು ಜಪಾನೀಯರ ವಿಮಾನಗಳು ಕೊಲಂಬೊ ನಗರದ ಮೇಲೆ ಎರಗಿದುವು. ೬ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದುವು. ೯ರಂದು ತಿರುಕೋಣಮಲೆಯ ಬಂದರು ದಾಳಿಗೆ ತುತ್ತಾಯಿತು. ಅದೇ ದಿನ ಹರ್ಮೀಸ್ ಎಂಬ ಬ್ರಿಟಿಷರ ವಿಮಾನವಾಹಕ ಹಡಗು ಸಿಂಹಳದ ಪೂರ್ವ ತೀರದಾಚೆ ಮುಳುಗಿಹೋಯಿತು. ಬ್ರಿಟಿಷರ ಪೌರಸ್ತ್ಯ ನೌಕಾಬಲವು ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದ ಕಿಲಿಂಡಿನಿ ಬಂದರಿಗೆ ಹಿಂಜರಿಯಬೇಕಾಯಿತು. ಮರಳಿ ಬರಬೇಕಾದರೆ ಹಡಗುಗಳು ಮಾತ್ರ ಇದ್ದರೆ ಸಾಲದು. ಹಡಗುಗಳ ಮೇಲಿನ ವಿಮಾನಗಳಿಗೆ ನೆಲದ ಮೇಲೆ ತಂಗುದಾಣಗಳು ಬೇಕು, ಮುರಿದುವನ್ನು ಕೂಡಿಸುವ ಕಾರ್ಖಾನೆಗಳು ಬೇಕು.

ಇದಕ್ಕೆ ಕೊಯಮತ್ತೂರು ಎಷ್ಟು ಅನುಕೂಲವಾದ ಸ್ಥಳವೆಂಬುದನ್ನು ಭೂಪಟವೇ ಹೇಳುತ್ತದೆ. ಪೂರ್ವ ಕರಾವಳಿಯಿಂದ ದೂರವಾಗಿ, ಸಮುದ್ರಮಟ್ಟಕ್ಕಿಂತ ಸುಮಾರು ೪೦೦ ಮೀಟರು ಎತ್ತರದಲ್ಲಿರುವ ಬಯಲು. ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆ. ಅದರ ಮೂಲಕ ಕೊಚ್ಚಿಯ ಬಂದರಿಗೆ ರೈಲುದಾರಿ. ಮಳೆ ಕಡಿಮೆ, ಲೋಹದ ಯಂತ್ರಗಳಿಗೆ ಕರಾವಳಿಯ ತೇವದ ಹವೆಗಿಂತ ಈ ಒಣಹವೆ ಹಿತ. ೧೯೩೨ರಿಂದ ಪೈಕಾರಾದ ವಿದ್ಯುಚ್ಛಕ್ತಿ ದೊರೆಯುತ್ತಿತ್ತು. ೧೮೮೮ರಲ್ಲಿ ಮೊದಲಾದ ನೂಲಿನ ಗಿರಣಿಗಳ ದೆಸೆಯಿಂದ ಯಂತ್ರದ ಕೆಲಸ ಬಲ್ಲ ಕುಶಲಕರ್ಮಿಗಳಿಗೂ ಕೊರತೆಯಿರಲಿಲ್ಲ. ಪೀಳಮೇಡಿನಲ್ಲಿ ೧೯೪೦ರಲ್ಲಿಯೇ ವಿಮಾನ ನಿಲ್ದಾಣ ಸಿದ್ಧವಾಗಿತ್ತು. ಹೀಗಿರಲು, ಬ್ರಿಟಿಷ್ ನೌಕಾಬಲವು ತನ್ನ ವಿಮಾನಗಳ ದುರಸ್ತಿಶಾಲೆಯನ್ನು ಕೊಯಮತ್ತೂರಿನಲ್ಲಿ ಸ್ಥಾಪಿಸಿದುದು ಆಶ್ಚರ್ಯವಲ್ಲ. ಸೂಲೂರಿನ ನೆಲೆಯು ೧೯೪೫ರಲ್ಲಿ ವಿಧಿವತ್ತಾಗಿ ನೌಕಾಬಲದ ಪಟ್ಟಿಗೆ ಸೇರಿತು.

ಇಲ್ಲಿ ಭಾಷಾಭ್ಯಾಸಿಗಳಿಗೆ ರುಚಿಸುವ ಒಂದು ಸಂಗತಿಯುಂಟು. ಬ್ರಿಟಿಷ್ ನೌಕಾಬಲದ ಸಂಪ್ರದಾಯದಂತೆ ನೆಲದ ಮೇಲಿನ ಠಾಣೆಯೂ ಲೆಕ್ಕಕ್ಕೆ ಹಡಗೇ. ಅದಕ್ಕೆ ಹಡಗಿನ ಹೆಸರನ್ನೇ ಇಡತಕ್ಕದ್ದು. ವಿಮಾನನೆಲೆಯಾದರೆ ಹಕ್ಕಿಯ ಹೆಸರು. ಆದ್ದರಿಂದ, ಕಡಲಿನ ಗಾಳಿಯೂ ಸೋಕದ ಕೊಯಮತ್ತೂರಿನಲ್ಲಿ ‘ಗರುಡ’ ಎಂಬ ‘ಹಡಗು’ ನಿಂತಿತು; ಸೂಲೂರಿನಲ್ಲಿ ‘ವೈರಿ’ ಎಂಬುದು ನಿಂತಿತು. ಯುದ್ಧದ ನೆಲೆಗೆ ಶತ್ರುವೆಂದು ಹೆಸರಿಟ್ಟರೇ ಎಂದು ಕನ್ನಡಿಗರು ಬೆರಗಾಗಬೇಕಾಗಿಲ್ಲ. ತಮಿಳಿನಲ್ಲಿ ವೈರಿಯೆಂದರೆ ಗಿಡುಗನ ಜಾತಿಯ ಬೇಟೆಯ ಹಕ್ಕಿಯೆಂಬ ಅರ್ಥವೂ ಉಂಟು. ನಮ್ಮ ಕನ್ನಡದ ‘ಬೈರಿ’ಯೂ ಅದೇ ಹಕ್ಕಿ. ಮದರಾಸಿನ ತಾಂಬರಂ ನೆಲೆಗೆ ‘ವಲ್ಲೂರು’ ಎಂದೂ ಕೊಚ್ಚಿಯ ನೆಲೆಗೆ ‘ಕಳುಗು’ ಎಂದೂ ತಮಿಳಿನ ಹಕ್ಕಿಗಳ ಹೆಸರುಗಳೇ ಬಂದುವು. ಕೊಲಂಬೊ ನಗರದ ಕುದುರೆಪಂದ್ಯದ ಮೈದಾನದಲ್ಲಿದ್ದ ನೆಲೆಯ ಹೆಸರಂತೂ ‘ಭೇರುಂಡ’! ಗಂಡಭೇರುಂಡವನ್ನು ರಾಜಲಾಂಛನವಾಗಿ ಕಂಡ ನಮ್ಮ ಜನಕ್ಕೆ ಅದಕ್ಕಿಂತ ಪರಿಚಿತವಾದ ಹೆಸರು ಯಾವುದು?

ಯುದ್ಧ ಮುಗಿಯಿತು. ೧೯೪೬ರಲ್ಲಿ ಗರುಡವೂ ವೈರಿಯೂ ನೌಕಾಬಲದ ಪಟ್ಟಿಯಿಂದ ಇಳಿದುವು. ಅಮೆರಿಕದಿಂದ ಎರವಲಾಗಿ ಬಂದ ವಿಮಾನಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು ಎಂಬ ಒಪ್ಪಂದವಿದ್ದುದರಿಂದ, ಅಂಥ ಎಷ್ಟೋ ವಿಮಾನಗಳು ಹಡಗಿನ ಮೇಲಿಂದ ಸಮುದ್ರಕ್ಕೆ ತಳ್ಳಲ್ಪಟ್ಟುವು. ಸ್ವಾತಂತ್ರ್ಯಾನಂತರ ‘ಗರುಡ’ ಎಂಬ ಹೆಸರು ೧೯೫೩ರಲ್ಲಿ ಕೊಚ್ಚಿಯಲ್ಲಿ ಭಾರತೀಯ ನೌಕಾಬಲದ ವಿಮಾನನೆಲೆಗೆ ಬಂದಿತು. ಸೂಲೂರಿನಲ್ಲಿ ೧೯೫೯ರಲ್ಲಿ ವಾಯುಬಲದ ದುರಸ್ತಿ ಕೇಂದ್ರ ಆರಂಭವಾಯಿತು. ೧೯೬೧ರ ಸೆಪ್ಟೆಂಬರ್ ೫ರಂದು ಅದೇ ಸೂಲೂರಿನಲ್ಲಿ ‘ಹಂಸ’ ಎಂಬ ಹೆಸರಿನ ನೌಕಾ ವಿಮಾನನೆಲೆ ಉದ್ಘಾಟಿತವಾಯಿತು. ವಿಕ್ರಾಂತ ಹಡಗಿನ ಸೀಹಾಕ್ ಜೆಟ್ ವಿಮಾನಗಳಿಗೆ ಅದು ನೆಲದ ಮೇಲಿನ ಮನೆ. ಅದೇ ವರ್ಷದ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾಗಲು, ಹಂಸವು ೧೯೬೪ರಲ್ಲಿ ಅಲ್ಲಿನ ದಾಬೋಲಿಂಗೆ ಸ್ಥಳಾಂತರಗೊಂಡಿತು. ಹಕ್ಕಿಗಳ ಹೆಸರುಗಳು ಹೀಗೆ ಒಂದೊಂದಾಗಿ ಹಾರಿಹೋದುವು. ಗರುಡ ಕೊಚ್ಚಿಯದೆಂದೂ ಹಂಸ ಗೋವೆಯದೆಂದೂ ಲೋಕ ತಿಳಿದಿದೆ. ಅವುಗಳ ಗೂಡು ಮೊದಲು ನಮ್ಮ ನೆರೆಯಲ್ಲಿತ್ತೆಂಬುದು ನಮ್ಮವರಿಗೇ ಮರೆತಿದೆ.

ಮೈಸೂರು ಸೀಮೆಯ ಪಾತ್ರವೂ ಈ ಕಥೆಯಲ್ಲಿ ಕಡಿಮೆಯದಲ್ಲ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ೧೯೪೦ರ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೩ರಲ್ಲಿ ಅದು ಅಮೆರಿಕದ ಸೇನಾ ವಾಯುಬಲದ ಆಡಳಿತಕ್ಕೆ ಒಳಪಟ್ಟು ದೊಡ್ಡ ದುರಸ್ತಿಶಾಲೆಯಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರಿನ ಕೆರೆಯಲ್ಲಿ ಇಳಿದು ಅಲ್ಲಿಗೆ ಬರುತ್ತಿದ್ದುವು. ದಕ್ಷಿಣ ಭಾರತದ ವಾಯುರಕ್ಷಣೆಯ ಹೊಣೆ ಹೊತ್ತ ಬ್ರಿಟಿಷ್ ವಾಯುಬಲದ ೨೨೫ನೆಯ ಗ್ರೂಪಿನ ಮುಖ್ಯ ಕಾರ್ಯಾಲಯವೂ ಬೆಂಗಳೂರಿನಲ್ಲಿಯೇ ಇತ್ತು. ಇಂದಿಗೂ ಆ ನಂಟು ಕಡಿದಿಲ್ಲ. ಬೆಂಗಳೂರಿನಲ್ಲಿ ನಿರ್ಮಾಣವಾದ ತೇಜಸ್ ವಿಮಾನಗಳ ೪೫ನೆಯ ಸ್ಕ್ವಾಡ್ರನ್ ೨೦೧೮ರಲ್ಲಿ ಸೂಲೂರಿಗೆ ಬಂದಿತು; ೨೦೨೦ರಲ್ಲಿ ೧೮ನೆಯ ಸ್ಕ್ವಾಡ್ರನ್ ಅದನ್ನು ಕೂಡಿಕೊಂಡಿತು.

ಇಷ್ಟನ್ನು ಕೇಳಿದ ಮೇಲೆ ಕೆಲವರು ಪ್ರಶ್ನಿಸಬಹುದು: ಯುದ್ಧಕಾಲದ ಕಟ್ಟಡಗಳಲ್ಲಿ ಕಾಪಾಡತಕ್ಕದ್ದೇನಿದೆ? ಇಟ್ಟಿಗೆಯ ಗೋಡೆ, ತಗಡಿನ ಹೊದಿಕೆ, ಶಿಲ್ಪವಿಲ್ಲ, ಗೋಪುರವಿಲ್ಲ. ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಎರಡು ನಿದರ್ಶನಗಳನ್ನು ನೋಡೋಣ. ಲಂಡನ್ನಿಗೆ ಸೇರಿದ ಅಕ್ಸ್‌ಬ್ರಿಜ್ ಎಂಬಲ್ಲಿ, ನೆಲದಿಂದ ಅರುವತ್ತು ಅಡಿ ಆಳದಲ್ಲಿ, ೧೯೩೯ರಲ್ಲಿ ಕಟ್ಟಿದ ಒಂದು ನೆಲಮಾಳಿಗೆಯುಂಟು. ೧೯೪೦ರ ವಾಯುಸಮರದಲ್ಲಿ ಆಗ್ನೇಯ ಇಂಗ್ಲೆಂಡಿನ ರಕ್ಷಣೆಯನ್ನು ನಡೆಸಿದುದು ಅಲ್ಲಿಂದಲೇ. ನಡುವೆ ದೊಡ್ಡ ಮೇಜು. ಅದರ ಮೇಲೆ ಭೂಪಟ. ವಾಯುಬಲದ ತರುಣಿಯರು ಉದ್ದನೆಯ ಕೋಲುಗಳಿಂದ ಗುರುತುಬಿಲ್ಲೆಗಳನ್ನು ಸರಿಸುತ್ತ ಶತ್ರುವಿಮಾನಗಳ ಚಲನೆಯನ್ನು ತೋರಿಸುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೊಂದು ಬಣ್ಣ. ಗುರುತಿನ ಬಣ್ಣವನ್ನು ನೋಡಿದೊಡನೆ ಆ ಸುದ್ದಿ ಎಷ್ಟು ಹಳೆಯದೆಂಬುದು ತಿಳಿಯುತ್ತಿತ್ತು. ೧೯೪೦ರ ಸೆಪ್ಟೆಂಬರ್ ೧೫ರಂದು ಪ್ರಧಾನಿ ಚರ್ಚಿಲ್ಲರು ಅಲ್ಲಿ ಕುಳಿತು ಸಮರವನ್ನು ನೋಡಿದರು. ಎಪ್ಪತ್ತಾರು ಮೆಟ್ಟಿಲುಗಳನ್ನು ಇಳಿದು ಇಂದು ಶಾಲಾಬಾಲಕರೂ ಅದನ್ನು ನೋಡಿಬರುತ್ತಾರೆ. ಒಂದು ದೇಶದ ಅಳಿವು ಉಳಿವು ಇಷ್ಟು ಸಾಮಾನ್ಯವಾದ ಕೋಣೆಯಲ್ಲಿ ನಿರ್ಧಾರವಾಯಿತೇ ಎಂಬ ವಿಸ್ಮಯವು ಪುಸ್ತಕದಿಂದ ಬರುವಂಥದಲ್ಲ. ಆ ಕೋಣೆಯಲ್ಲಿ ನಿಂತವರಿಗೇ ಬರುವಂಥದು.

ಇನ್ನೊಂದು ಬೆಂಟ್ಲಿ ಪ್ರಯರಿ ಎಂಬ ಹಳೆಯ ಸೌಧ. ೧೯೩೬ರಿಂದ ಅದು ಬ್ರಿಟನ್ನಿನ ಯುದ್ಧವಿಮಾನ ದಳದ ಪ್ರಧಾನ ಕಾರ್ಯಾಲಯವಾಗಿತ್ತು. ಸೇನಾನಿ ಡೌಡಿಂಗರು ಕರಾವಳಿಯ ರೇಡಾರ್ ಠಾಣೆಗಳಿಂದ ಬಂದ ಸುದ್ದಿಯನ್ನು ಅಲ್ಲಿ ಶೋಧಿಸಿ ಅಕ್ಸ್‌ಬ್ರಿಜ್ ಮುಂತಾದ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯನ್ನು ರೂಪಿಸಿದರು. ೨೦೦೮ರಲ್ಲಿ ವಾಯುಬಲವು ಆ ಸೌಧವನ್ನು ತೆರವುಮಾಡಿತು. ಆವರಣದಲ್ಲಿ ವಾಸದ ಮನೆಗಳೆದ್ದುವು. ಆದರೂ ಮುಖ್ಯ ಕೊಠಡಿಗಳನ್ನು ಉಳಿಸಿ ೨೦೧೩ರಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಎಲ್ಲವನ್ನೂ ಉಳಿಸಬೇಕೆಂದು ಹಟಹಿಡಿಯದೆ, ಮುಖ್ಯವಾದುದನ್ನು ಬಿಡದೆ ನಡೆದ ಈ ಮಾರ್ಗ ಅನುಕರಣೀಯವಾದುದು.

ನಮ್ಮಲ್ಲಿ ತೊಡಕುಗಳಿಲ್ಲವೆಂದಲ್ಲ. ಪ್ರಾಚೀನ ಸ್ಮಾರಕಗಳ ೧೯೫೮ನೆಯ ಕೇಂದ್ರ ಕಾಯಿದೆಯು ನೂರು ವರ್ಷ ತುಂಬದ ಕಟ್ಟಡವನ್ನು ಪ್ರಾಚೀನವೆಂದು ಎಣಿಸದು. ೧೯೪೩ರಲ್ಲಿ ಕಟ್ಟಿದ ಗೋಡೆ ೨೦೪೩ರವರೆಗೆ ಆ ಕಾಯಿದೆಯ ಆಶ್ರಯವಿಲ್ಲದೆ ಕಾಯಬೇಕು. ದೇವಾಲಯವಾದರೆ ಭಕ್ತರಿದ್ದಾರೆ; ತಗಡಿನ ಮಾಡಿಗೆ ಯಾರಿದ್ದಾರೆ? ಬೀಳುವುದಿದ್ದರೆ ಅದು ಈ ನಡುವಣ ವರ್ಷಗಳಲ್ಲಿಯೇ ಬೀಳುವುದು. ಮೇಲಾಗಿ ಸೂಲೂರು ಇಂದಿಗೂ ದೇಶರಕ್ಷಣೆಯ ಜೀವಂತ ನೆಲೆ. ಅನುಮತಿಯಿಲ್ಲದೆ ಒಳಹೋಗುವುದಾಗಲಿ ಛಾಯಾಚಿತ್ರ ತೆಗೆಯುವುದಾಗಲಿ ಸಲ್ಲದು, ಸಲ್ಲಬಾರದು ಕೂಡ. ಗೋಡೆಯೊಳಗಿನ ಪರಂಪರೆಗೆ ವಾಯುಬಲದವರೇ ಪಾಲಕರು. ಹಳೆಯ ಕಟ್ಟಡವನ್ನು ಕೆಡಹುವ ಮುನ್ನ ಅದರ ಅಳತೆ, ಚಿತ್ರ, ವೃತ್ತಾಂತಗಳನ್ನು ದಾಖಲೆ ಮಾಡಿಡಬೇಕೆಂದು ವಿನಯದಿಂದ ಮನವಿ ಸಲ್ಲಿಸುವುದು ನಮ್ಮ ಪಾಲಿನ ಕೆಲಸ. ಪೀಳಮೇಡು ಎಲ್ಲರೂ ಬಂದುಹೋಗುವ ಪ್ರಯಾಣಿಕರ ನಿಲ್ದಾಣ. ಅಲ್ಲಿ ‘ಗರುಡ’ದ ಹೆಸರನ್ನು ಹೇಳುವ ಒಂದು ಕಲ್ಲುಹಲಗೆಯನ್ನು ಕೋರುವುದು ಅತ್ಯಾಶೆಯಾಗಲಾರದು. ತಮಿಳುನಾಡು ವಿಧಾನಸಭೆಯು ೨೦೧೨ರಲ್ಲಿ ಪರಂಪರೆಯ ರಕ್ಷಣೆಗಾಗಿ ಆಯೋಗವೊಂದರ ಕಾಯಿದೆಯನ್ನು ಅಂಗೀಕರಿಸಿದೆ. ಆ ಬಾಗಿಲನ್ನೂ ತಟ್ಟಬಹುದು.

ಗೋಡೆಯ ಹೊರಗಿನ ಕೆಲಸಕ್ಕಾದರೋ ಯಾರ ಅಪ್ಪಣೆಯೂ ಬೇಡ. ೧೯೪೨ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ಕಟ್ಟಡವು ಇನ್ನೂ ಹತ್ತು ವರ್ಷ ನಿಲ್ಲಬಹುದು. ಅವರ ನೆನಪು ಅಷ್ಟು ಕಾಲ ಕಾಯಲಾರದು. ಆ ಕಾಲದ ದೀಪದ ಕಟ್ಟಳೆ, ಧಾನ್ಯದ ಚೀಟಿ, ನೂಲಿನ ಅಭಾವ, ನೆಲೆಯಲ್ಲಿ ಕೂಲಿಗೆ ಹೋದವರ ಮಾತು, ಇವುಗಳಲ್ಲಿ ಯಾವುದು ಯಾವ ಮನೆಯಲ್ಲಿ ಉಳಿದಿದೆಯೋ ಅದನ್ನು ಮಕ್ಕಳು ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಹಿರಿಯರು ಆಡಿದ ಕನ್ನಡದಲ್ಲಿಯೇ ಬರೆಯಲಿ. ಇತಿಹಾಸದೊಡನೆ ನಮ್ಮ ಮನೆಮಾತೂ ಉಳಿದೀತು. ತಮಿಳು ನೆರೆಯವರ ಮನೆಗಳಲ್ಲಿಯೂ ಕೇಳಲಿ. ಈ ಕಥೆ ಇಬ್ಬರಿಗೂ ಸೇರಿದುದು. ಹಳೆಯ ಪತ್ರಗಳನ್ನು, ಚಿತ್ರಗಳನ್ನು ಸಂಘದ ಪುಸ್ತಕಭಂಡಾರದಲ್ಲಿ ಒಂದು ಪೆಟ್ಟಿಗೆಯಲ್ಲಿಟ್ಟರೂ ಸಾಕು. ಮುಂದಿನ ಪ್ರವಾಸಕ್ಕೆ ಬೆಂಗಳೂರಿನ ವಿಮಾನ ಕಾರ್ಖಾನೆಯ ವಸ್ತುಸಂಗ್ರಹಾಲಯವನ್ನು ಗೊತ್ತುಮಾಡಿದರೆ, ತಲೆಯ ಮೇಲಿನ ಸದ್ದಿಗೂ ಪಠ್ಯಪುಸ್ತಕದ ಇತಿಹಾಸಕ್ಕೂ ಇರುವ ಸಂಬಂಧ ಮಕ್ಕಳಿಗೆ ಮನದಟ್ಟಾಗುವುದು.

ಯುದ್ಧವನ್ನು ಕೊಂಡಾಡುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಆ ಸಂಕಟದ ಕಾಲದಲ್ಲಿ ಈ ನೆಲವೂ ತನ್ನ ಪಾಲಿನ ಭಾರವನ್ನು ಹೊತ್ತಿತೆಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು. ತಾವು ಹುಟ್ಟಿದ ಊರು ಲೋಕದ ಕಥೆಗೆ ಹೊರತಾದುದಲ್ಲವೆಂಬ ಅಭಿಮಾನ ಅವರಿಗೆ ಬರಬೇಕು. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅವರು ಸಂಗ್ರಹಿಸಿದ ನೆನಪುಗಳೇ ಅಚ್ಚಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.